ಓದು ಯಾತಕ್ಕೆ? ಮಲಪ್ರಭೆಯ ಸೀಮೆಯಲ್ಲಿ ಶಿಕ್ಷಣದ ಉದ್ದೇಶಗಳು ಮತ್ತು ತೊಡಕುಗಳು

ಶಿಕ್ಷಣದ ಉದ್ದೇಶವೇನು ಎಂಬ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯ ಮಲಪ್ರಭೆಯ ಸೀಮೆಯಲ್ಲಿ ಬಹುಕಾಲದಿಂದ ಎರಡು ಉತ್ತರಗಳು ಜೊತೆಜೊತೆಗೇ ಬದುಕಿವೆ. ತಿಳಿವಳಿಕೆ, ನಡತೆ, ಸ್ವಾವಲಂಬನೆ, ಸಮಾನತೆ ಎಂದು ಶಿಕ್ಷಣಾಧಿಕಾರಿಗಳೂ ಸಂಸ್ಥೆ ಕಟ್ಟಿದವರೂ ಬರೆದಿಟ್ಟದ್ದು ಒಂದು. ‘ಸಾಲಿ ಕಲತು ನೌಕರಿ ಹಿಡೀಬೇಕು’ ಎಂದು ಮನೆಮನೆಯಲ್ಲಿ ಹೇಳುತ್ತ ಬಂದದ್ದು ಇನ್ನೊಂದು. ವರದಿಗಳಲ್ಲಿ ಈ ಎರಡನೆಯ ಉತ್ತರಕ್ಕೆ ಜಾಗವಿಲ್ಲ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಶಾಲೆ ಬೆಳೆದ ಬಗೆಯನ್ನು ನಿಶ್ಚಯಿಸಿದ್ದು ಹೆಚ್ಚಾಗಿ ಅದೇ. ನೌಕರಿ ಎಂದರೆ ಊರು ಬಿಡುವುದು. ರಾಮದುರ್ಗ ತಾಲ್ಲೂಕಿನ ಕಟಕೋಳದಂಥ ಊರಿನ ಮಗು ಪಾಟಿ ಹಿಡಿದು ಹೊರಟರೆ ಅದರ ದಾರಿ ತಾಲ್ಲೂಕಿನ ಊರಿಗೆ, ಅಲ್ಲಿಂದ ಧಾರವಾಡಕ್ಕೋ ಬೆಳಗಾವಿಗೋ, ಅಲ್ಲಿಂದ ಇನ್ನೂ ಆಚೆಗೆ ಹೋಗುತ್ತದೆ. ಆ ದಾರಿಯಲ್ಲಿ ಯಾರು ಯಾರು ಹೋಗಬಹುದು ಎಂಬ ಬಗ್ಗೆ ಎರಡು ಶತಮಾನ ವಾದ ನಡೆದಿದೆ. ಹೋಗದೆ ಉಳಿದವರಿಗೆ ಶಾಲೆ ಏನು ಕೊಟ್ಟಿತು ಎಂಬ ಚರ್ಚೆ ಮಾತ್ರ ತೀರ ಕಡಿಮೆ.

ಈ ಸೀಮೆ ಎರೆಭೂಮಿಯದು. ಜೋಳ, ಹತ್ತಿ, ಕಡಲೆ, ಈಗ ನೀರಾವರಿ ಇದ್ದಲ್ಲೆಲ್ಲ ಕಬ್ಬು. ಆಡಳಿತದಲ್ಲಿ ಮಾತ್ರ ಇದು ಒಂದಾಗಿ ಇದ್ದದ್ದು ಕಡಿಮೆ. 1824ರ ಬಂಡಾಯದ ಬೆನ್ನಿಗೆ ಕಿತ್ತೂರು ಸಂಸ್ಥಾನ ಕಂಪನಿಯ ಕೈಸೇರಿತು. ಬೈಲಹೊಂಗಲ ಸಂಪಗಾಂವ ತಾಲ್ಲೂಕಿನಲ್ಲಿ, ಸವದತ್ತಿ ಪರಸಗಡ ತಾಲ್ಲೂಕಿನಲ್ಲಿ ಸೇರಿ ಮುಂಬಯಿ ಪ್ರಾಂತದ ನೇರ ಆಳ್ವಿಕೆಯಲ್ಲಿದ್ದವು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ತೊರಗಲ್ಲು ಕೊಲ್ಹಾಪುರಕ್ಕೆ ನಡೆದುಕೊಳ್ಳುವ ಜಹಗೀರು. ಹೀಗಾಗಿ ಒಂದು ಊರಿನಲ್ಲಿ ಸರಕಾರಿ ಶಾಲೆ ಇದ್ದರೆ ಎರಡು ಹರದಾರಿ ಆಚೆಯ ಊರಿನ ಶಾಲೆ ಜಹಗೀರುದಾರರ ಮರ್ಜಿಯ ಮೇಲೆ ನಿಂತಿತ್ತು. 1948–49ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆಯೇ ಇಡೀ ಸೀಮೆಗೆ ಒಂದೇ ಶಿಕ್ಷಣ ಇಲಾಖೆ ಬಂದದ್ದು.

ಕಂಪನಿ ಸರಕಾರದ ಶಾಲೆಗಿಂತ ಮೊದಲು ಇದ್ದದ್ದು ಗಾಂವಠಿ ಶಾಲೆ. ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಅಯ್ಯನವರು ಕೂತು ಮಣ್ಣಿನ ಮೇಲೆ ಅಕ್ಷರ ತಿದ್ದಿಸುವ ಏರ್ಪಾಟು. ಓದು, ಬರಹ, ಲೆಕ್ಕ, ಕಾಲು-ಅರೆ-ಮುಕ್ಕಾಲಿನ ಮಗ್ಗಿ, ಪತ್ರ ಬರೆಯುವ ಒಕ್ಕಣೆ, ಇಷ್ಟೇ ಪಾಠ. ಅಂಗಡಿ, ಶಾನುಭೋಗಿಕೆ, ಸಾಲದ ಕಾಗದ ಇವಕ್ಕೆ ಬೇಕಾದದ್ದೂ ಅಷ್ಟೇ. ಇದರ ಗುಣದೋಷಗಳ ಬಗ್ಗೆ ಸಿಗುವ ಒಳ್ಳೆಯ ದಾಖಲೆ ನೆರೆಯ ಬಳ್ಳಾರಿಯದು. ಮದರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಕೇಳಿದ ಮಾಹಿತಿಗೆ ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಉತ್ತರ ಕೊಟ್ಟ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕಡಿಮೆ ಖರ್ಚಿನಲ್ಲಿ ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ಮೆಚ್ಚಿದ ಅವನು ಒಂದು ತಕರಾರನ್ನೂ ಬರೆದ: ಮಕ್ಕಳು ಆಡುಮಾತಿಗೆ ದೂರವಾದ ಹಳೆಯ ಪದ್ಯಭಾಷೆಯನ್ನು ಬಾಯಿಪಾಠ ಮಾಡುತ್ತಾರೆ, ಅದರ ಅರ್ಥ ಅವರಿಗೂ ತಿಳಿಯದು, ಎಷ್ಟೋ ಸಲ ಕಲಿಸುವವರಿಗೂ ತಿಳಿಯದು. ಬಾಯಿಪಾಠದ ಮೇಲಿನ ದೂರು ಹಾಗಾದರೆ ಆಧುನಿಕ ಶಿಕ್ಷಣದಷ್ಟೇ ಹಳೆಯದು. ಅದನ್ನು ತೊಲಗಿಸುತ್ತೇವೆಂದು ಹೇಳದ ಸುಧಾರಣೆ ಆಮೇಲೆ ಒಂದೂ ಬಂದಿಲ್ಲ.

ಮುಂಬಯಿ ಸರಕಾರ ಈ ಭಾಗದಲ್ಲಿ ಶಾಲೆ ತೆರೆದಾಗ ಎದ್ದ ಮೊದಲ ತೊಡಕು ಭಾಷೆಯದು. ಪೇಶ್ವೆಯರ ಕಾಲದಿಂದ ಕಚೇರಿಯ ಮಾತು ಮರಾಠಿ. ಶಾಲೆಯ ಮಾತೂ ಅದೇ ಆಯಿತು. ಮನೆಯಲ್ಲಿ ಕನ್ನಡ ಆಡುವ ಒಕ್ಕಲುಮಕ್ಕಳು ಮರಾಠಿಯಲ್ಲಿ ಅಕ್ಷರ ಕಲಿಯಬೇಕಾಗಿತ್ತು. ಇದನ್ನು ತಿರುಗಿಸಿದವರಲ್ಲಿ ಮೊದಲ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ಧಾರವಾಡದವರು, ಪುಣೆಯಲ್ಲಿ ಕಲಿತವರು, ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಆಮೇಲೆ ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಆದವರು. ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿ ಡಬ್ಲ್ಯೂ. ಎ. ರಸೆಲ್ ಅವರ ಬೆಂಬಲವೂ ಇತ್ತು. ಊರೂರಿಗೆ ಹೋಗಿ ಕನ್ನಡ ಶಾಲೆ ತೆರೆಯುವುದು, ಮಾಸ್ತರರನ್ನು ತಯಾರು ಮಾಡುವುದು, ಅವರ ಕೈಗೆ ಪುಸ್ತಕ ಕೊಡುವುದು: ಚನ್ನಬಸಪ್ಪನವರ ಕೆಲಸ ಈ ಮೂರರ ಮೇಲೆ ನಿಂತಿತ್ತು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಶಾಲೆಗೆ ಒಗ್ಗುವ ಕನ್ನಡ ಗದ್ಯವೇ ಆಗ ಇರಲಿಲ್ಲ. ವೆಂಕಟ ರಂಗೋ ಕಟ್ಟಿ, ಬೈಲಹೊಂಗಲ ಸೀಮೆಯ ತುರಮರಿ ಊರಿನ ಗಂಗಾಧರ ಮಡಿವಾಳೇಶ್ವರ ಮುಂತಾದ ಶಿಕ್ಷಕ ಲೇಖಕರು ಪಾಠಕ್ಕಾಗಿ, ಅನುವಾದಕ್ಕಾಗಿ ಅದನ್ನು ಕಟ್ಟಿದರು. ತುರಮರಿಯವರ ಕನ್ನಡ ‘ಕಾದಂಬರಿ’ ಆ ಪರಂಪರೆಯದೇ. ಶಿಕ್ಷಕರಿಗಾಗಿ 1860ರ ದಶಕದಲ್ಲಿ ಹುಟ್ಟಿದ ‘ಮಠಪತ್ರಿಕೆ’ ಮುಂದೆ ‘ಶಾಲಾಪತ್ರಿಕೆ’ಯಾಗಿ, ಕೊನೆಗೆ ‘ಜೀವನ ಶಿಕ್ಷಣ’ ಎಂಬ ಹೆಸರಿನಲ್ಲಿ ಧಾರವಾಡದಿಂದ ಹೊರಡುತ್ತ ಬಂದಿದೆ. 1881ರಲ್ಲಿ ಚನ್ನಬಸಪ್ಪ ತೀರಿಕೊಂಡಾಗ ಈ ಸೀಮೆಯಲ್ಲಿ ಕನ್ನಡ ಸಾಲಿ ಎಂಬುದು ನೆಲೆಯೂರಿತ್ತು. ಇಂದಿಗೂ ಇಲ್ಲಿ ಪ್ರಾಥಮಿಕ ಶಾಲೆಗೆ ಜನ ಹೇಳುವ ಹೆಸರು ಅದೇ.

ಆ ಕನ್ನಡ ಸಾಲಿಯ ತುದಿ ಮುಲ್ಕಿ ಪರೀಕ್ಷೆ. ಏಳನೆಯ ಇಯತ್ತೆಯ ಈ ಪರೀಕ್ಷೆ ಪಾಸಾದವರಿಗೆ ಮಾಸ್ತರಿಕೆ, ತಲಾಟಿ ಕೆಲಸ, ಕಚೇರಿಯ ಕಾರಕೂನಿಕೆ ತೆರೆದಿತ್ತು. ‘ಮುಲ್ಕಿ ಪಾಸು’ ಎಂಬುದು ಹಳ್ಳಿಯಲ್ಲಿ ದೊಡ್ಡ ಬಿರುದು. ಚನ್ನಬಸಪ್ಪನವರ ಸಾಧನೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರು ಬದಲಿಸಿದ್ದು ಶಾಲೆಯ ಭಾಷೆಯನ್ನು. ಶಾಲೆ ತಯಾರಿಸುವ ಮನುಷ್ಯ ಕಚೇರಿಯವನಾಗಿಯೇ ಉಳಿದ. ಕನ್ನಡದಲ್ಲಿ ಕಲಿತ ರೈತನ ಮಗ ಕಾರಕೂನನಾದ, ಕಲಿತ ರೈತನಾಗಲಿಲ್ಲ.

ಯಾರ ಮಕ್ಕಳಿಗೆ ಶಾಲೆ ಎಂಬ ಪ್ರಶ್ನೆ ಇದಕ್ಕಿಂತ ಕಠಿಣವಾಗಿ ಎದ್ದದ್ದು ಧಾರವಾಡದಲ್ಲಿಯೇ. 1856ರ ಜೂನ್ ತಿಂಗಳಲ್ಲಿ ಅಲ್ಲಿನ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮಹಾರ ಜಾತಿಯ ಒಬ್ಬ ಹುಡುಗನ ಅರ್ಜಿ ಬಂತು. ಅರ್ಜಿಯಲ್ಲಿ ನ್ಯಾಯವಿದೆ ಎಂದು ಮುಂಬಯಿ ಸರಕಾರ ಒಪ್ಪಿತು. ಹಾಗಿದ್ದೂ ಒಬ್ಬನಿಗಾಗಿ ಬಾಗಿಲು ತೆರೆದರೆ ಮಿಕ್ಕವರು ಶಾಲೆ ಬಿಟ್ಟಾರು ಎಂಬ ಕಾರಣ ಕೊಟ್ಟು ಪ್ರವೇಶ ನಿರಾಕರಿಸಿತು. ಮೇಲಿನವರ ವಿಚಾರಣೆಯ ನಂತರ, ಸರಕಾರಿ ಶಾಲೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂಬ ತತ್ತ್ವವೇನೋ ಕಾಗದದ ಮೇಲೆ ಬಂತು. ಅದು ಹಳ್ಳಿಯ ಶಾಲೆಯ ಹೊಸ್ತಿಲು ದಾಟಲು ಎಷ್ಟೋ ದಶಕಗಳು ಹಿಡಿದವು. ಮುಂದೆ ಈ ಪ್ರಕರಣವನ್ನು ಬಿ. ಆರ್. ಅಂಬೇಡ್ಕರ್ ತಮ್ಮ ಬರಹದಲ್ಲಿ ಎತ್ತಿ ತೋರಿಸಿದರು. 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ಕೊಟ್ಟ ಹೇಳಿಕೆಯೂ ಇದೇ ಪ್ರಾಂತದ ರೈತನನ್ನು ಕುರಿತದ್ದು: ಕಂದಾಯ ಕಟ್ಟುವವರು ಒಕ್ಕಲಿಗರು, ಆ ಹಣ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹೋಗುತ್ತದೆ, ಹಳ್ಳಿಯ ಪ್ರಾಥಮಿಕ ಶಾಲೆ ಬಡವಾಗಿದೆ. 1860ರ ದಶಕದಿಂದ ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ಜೊತೆಗೆ ಲೋಕಲ್ ಫಂಡ್ ಕರ ವಸೂಲಾಗುತ್ತಿತ್ತು, ಅದರ ಒಂದು ಪಾಲು ಶಾಲೆಗೆಂದು ಮೀಸಲಾಗಿತ್ತು. ಸಂಪಗಾಂವ, ಪರಸಗಡದ ರೈತರೂ ಅದನ್ನು ಕಟ್ಟಿದವರೇ. ಫುಲೆಯವರ ಲೆಕ್ಕ ಇಲ್ಲಿಗೂ ಸಲ್ಲುತ್ತದೆ.

ಸರಕಾರ ಮಾಡದ್ದನ್ನು ಸಮಾಜಗಳು ಮಾಡಲು ಹೊರಟದ್ದು ಇದರ ಮುಂದಿನ ಹಂತ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡುವುದು ಅದರ ಮುಖ್ಯ ಕೆಲಸ. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಆ ಕಾಲದ ಧುರೀಣರು. ಈ ಪರಂಪರೆಯಲ್ಲಿ ಎಲ್ಲಕ್ಕಿಂತ ದೊಡ್ಡ ದಾನ ಬಂದದ್ದು ಸವದತ್ತಿ ತಾಲ್ಲೂಕಿನ ಸಿರಸಂಗಿಯಿಂದ. ನವಲಗುಂದ-ಸಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯಿ (1861–1906) 1904ರಲ್ಲಿ ಧಾರವಾಡದಲ್ಲಿ ನಡೆದ ಮೊದಲ ಅಖಿಲ ಭಾರತ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದವರು. ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟು ಹೋದರು. ಆ ನಿಧಿಯ ವಿದ್ಯಾರ್ಥಿವೇತನದಿಂದ ಕಾಲೇಜು ಕಂಡ ಹಳ್ಳಿಯ ಹುಡುಗರ ಪೀಳಿಗೆಗಳೇ ಇವೆ. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜಿಗೆ ಅವರದೇ ಹೆಸರು.

ಆ ಕಾಲೇಜನ್ನು ತೆರೆದದ್ದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ಕೆಎಲ್ಇ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯಾಗಿ ಅದು ಶುರುವಾಯಿತು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ವಿ. ವಿ. ಪಾಟೀಲ ಎಂಬ ಏಳು ಜನ ಶಿಕ್ಷಕರು ಅದನ್ನು ಕಟ್ಟಿದವರು. ಜನ ಅವರನ್ನು ಸಪ್ತರ್ಷಿಗಳೆಂದರು. ಅವರ ಮುಂದಿದ್ದ ಮಾದರಿ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ: ಕಡಿಮೆ ಸಂಬಳಕ್ಕೆ ಇಡೀ ಆಯುಷ್ಯ ದುಡಿಯಲು ಒಪ್ಪಿದ ಆಜೀವ ಸದಸ್ಯರ ಗುಂಪು. ಸರಕಾರಿ ಹುದ್ದೆ ಸುಲಭವಾಗಿ ಸಿಗಬಹುದಾಗಿದ್ದ ಪದವೀಧರರು ಶಾಲೆಯ ಮಾಸ್ತರಿಕೆಯನ್ನು ಆರಿಸಿಕೊಂಡರು. ಶಿಕ್ಷಣವೇ ಶಿಕ್ಷಕನ ಗುರಿ ಎಂದು ಬದುಕಿ ತೋರಿಸಿದವರ ಉದಾಹರಣೆ ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡದು ಸಿಗುವುದಿಲ್ಲ. ಅದೇ ಸಂಸ್ಥೆ ಮುಂದೆ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ದೊಡ್ಡ ಸಮೂಹವಾಗಿ ಬೆಳೆಯಿತು. ಆ ಬೆಳವಣಿಗೆಯ ದಿಕ್ಕು ಕೂಡ ಹಳ್ಳಿಯ ಅಪೇಕ್ಷೆಯನ್ನೇ ಹಿಂಬಾಲಿಸಿದೆ: ಹಿಂದೆ ಕಾರಕೂನ, ಈಗ ಡಾಕ್ಟರ್, ಎಂಜಿನಿಯರ್.

ಶಾಲೆ ದೂರವಿದ್ದ ಕಾಲದಲ್ಲಿ ಊಟವೇ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟದ್ದು ಮಠಗಳ ಪ್ರಸಾದ ನಿಲಯ. ನಾಗನೂರಿನ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1930ರ ದಶಕದಲ್ಲಿ ಬೆಳಗಾವಿಯಲ್ಲಿ ತೆರೆದ ಉಚಿತ ಪ್ರಸಾದ ನಿಲಯ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಇವಿಲ್ಲದಿದ್ದರೆ ಬೈಲಹೊಂಗಲ, ಸವದತ್ತಿ ಕಡೆಯ ಎಷ್ಟೋ ಹುಡುಗರ ಓದು ಕನ್ನಡ ಸಾಲಿಗೇ ಮುಗಿಯುತ್ತಿತ್ತು. ಈ ಇಡೀ ವ್ಯವಸ್ಥೆ ಹೆಚ್ಚಾಗಿ ಸಮಾಜ ಸಮಾಜದ ಲೆಕ್ಕದಲ್ಲಿ ನಡೆಯಿತು ಎಂಬುದನ್ನೂ ಹೇಳಬೇಕು. ದಾನಕ್ಕೆ ದೇಸಾಯರಿಲ್ಲದ, ಊಟಕ್ಕೆ ಮಠವಿಲ್ಲದ ಜಾತಿಗಳ ಹುಡುಗರು ಬಹಳ ಕಾಲ ಹೊರಗೇ ಉಳಿದರು. ಅವರ ಪಾಲಿಗೆ ಧಾರವಾಡದಲ್ಲಿ ಅಂಬೇಡ್ಕರ್ ಅವರ ಪ್ರೇರಣೆಯಿಂದ ಬಳವಂತ ವರಾಳೆ ನಡೆಸಿದ ವಸತಿನಿಲಯ ಒಂದು ಆಸರೆ. ಹೆಣ್ಣುಮಕ್ಕಳಿಗೆ ಅಂಥದೂ ಕಡಿಮೆ. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ವಸತಿ ಶಾಲೆ ಆರಂಭವಾದದ್ದು 1969ರಲ್ಲಿ.

ಊರು ಬಿಡಿಸುವ ಓದಿಗೆ ನೇರವಾಗಿ ಎದುರು ನಿಂತ ವಿಚಾರ ಒಂದೇ ಒಂದು, ಗಾಂಧೀಜಿಯವರ ಮೂಲ ಶಿಕ್ಷಣ. 1937ರ ಏಪ್ರಿಲ್‌ನಲ್ಲಿ ಬೆಳಗಾವಿ ಹತ್ತಿರದ ಹುದಲಿಯಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ನಡೆಯಿತು. ಗಂಗಾಧರರಾವ ದೇಶಪಾಂಡೆಯವರ ಖಾದಿ ಕೆಲಸದ ಊರು ಅದು. ಗಾಂಧೀಜಿ ಅಲ್ಲಿ ಕೆಲವು ದಿನ ಉಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ವರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಸೇರಿತು, ಡಿಸೆಂಬರ್ ಹೊತ್ತಿಗೆ ಜಾಕಿರ್ ಹುಸೇನ್ ಸಮಿತಿಯ ವರದಿ ಬಂತು. ಏಳು ವರ್ಷದ ಕಡ್ಡಾಯ ಶಿಕ್ಷಣ, ತಾಯ್ನುಡಿಯಲ್ಲಿ, ಒಂದು ಕೈಕಸುಬನ್ನು ನಡುವಿಟ್ಟುಕೊಂಡು. ನೂಲು ತೆಗೆಯುತ್ತ ಲೆಕ್ಕ, ಹತ್ತಿ ಬೆಳೆಯುತ್ತ ಭೂಗೋಳ, ಬಟ್ಟೆಯ ಕತೆಯಲ್ಲಿ ಇತಿಹಾಸ. ಹತ್ತಿ ಬೆಳೆಯುವ ಎರೆಭೂಮಿ, ಕೈಮಗ್ಗದ ರಾಮದುರ್ಗ, ಸುರೇಬಾನ ಇರುವ ಸೀಮೆಗೆ ಇದಕ್ಕಿಂತ ಒಗ್ಗುವ ಪಾಠಕ್ರಮ ಸಿಗುವುದು ಕಷ್ಟ.

ಹಾಗಿದ್ದೂ ಇದು ಬೇರೂರಲಿಲ್ಲ. ಶಾಲೆಗೆ ಬಂದದ್ದು ನೂಲುವ ತಕಲಿ, ಅದರ ಹಿಂದಿನ ವಿಚಾರ ಬರಲಿಲ್ಲ. ನೂಲುವ ತಾಸು ಒಂದು ಪ್ರತ್ಯೇಕ ತಾಸಾಗಿ ಉಳಿಯಿತು. ಲೆಕ್ಕದ ಪಾಠ ಎಂದಿನಂತೆ ಲೆಕ್ಕದ ಪುಸ್ತಕದಿಂದಲೇ ನಡೆಯಿತು. ಮಾಸ್ತರರಿಗೆ ಕಸುಬು ಗೊತ್ತಿರಲಿಲ್ಲ, ಕಸುಬು ಗೊತ್ತಿದ್ದ ನೇಕಾರನಿಗೆ ಮಾಸ್ತರಿಕೆ ಇರಲಿಲ್ಲ. ಇದಕ್ಕಿಂತ ಆಳದ ಕಾರಣ ಜಾತಿಯ ವ್ಯವಸ್ಥೆಯಲ್ಲಿದೆ. ಕೈಕೆಲಸವನ್ನೇ ಹುಟ್ಟಿನಿಂದ ಹೊತ್ತವರು ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದುದೇ ಅದರಿಂದ ಬಿಡಿಸಲು. ಮಗ್ಗದ ಕುಣಿಯಲ್ಲಿ ಕೂತ ತಂದೆಗೆ ಶಾಲೆಯಲ್ಲೂ ಮಗ ನೂಲುವುದು ಸ್ವಾವಲಂಬನೆಯಾಗಿ ಕಾಣಲಿಲ್ಲ, ಶಿಕ್ಷೆಯಾಗಿ ಕಂಡಿತು. ಕೂಲಿಯವನ ಮಗನಿಗೆ ಕೂಲಿಯನ್ನೇ ಕಲಿಸುವ ಶಾಲೆಯನ್ನು ಅವನು ಅನುಮಾನಿಸಿದ್ದು ಸರಿಯೇ. ದೋಷವಿದ್ದದ್ದು ಕಸುಬು ಕಲಿಸುವುದರಲ್ಲಲ್ಲ. ಬಡವರ ಮಕ್ಕಳಿಗೆ ತಕಲಿ, ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಎಂದು ಎರಡು ದಾರಿಗಳು ಕೂಡಿಯೇ ನಡೆದದ್ದರಲ್ಲಿ. 1966ರಲ್ಲಿ ಕೊಠಾರಿ ಆಯೋಗ ಶಾಲೆಯ ಈ ಕೈಕೆಲಸವನ್ನು ‘ಕಾರ್ಯಾನುಭವ’ ಎಂದು ಕರೆಯಿತು, 1977ರ ನಂತರ ಅದು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವಾಯಿತು. ಹೆಸರು ಉದ್ದವಾದಷ್ಟೂ ಕೆಲಸ ಕಡಿಮೆಯಾಯಿತು.

ಮೂಲ ಶಿಕ್ಷಣದ ವಿಚಾರ ಹುಟ್ಟಿದ ಕಾಲದಲ್ಲಿಯೇ ದೂರದ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಆಟ, ಕುಣಿತ, ಸುತ್ತಾಟದ ಮೂಲಕ ಕಲಿಸುವ ಪ್ರಯೋಗ ನಡೆಸಿದ್ದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದರು. ಮಗುವಿನ ಕುತೂಹಲ ಅವರಿಗೆ ಮುಖ್ಯ, ಕಸುಬೂ ನೌಕರಿಯೂ ಅಲ್ಲ. ಆ ಹಾದಿ ಈ ಭಾಗದ ಸರಕಾರಿ ಶಾಲೆಗಳನ್ನು ತಲುಪಿದ್ದು ಬಹಳ ತಡವಾಗಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ 2009–10ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯ ರೂಪದಲ್ಲಿ.

ಊರು ಬಿಡಿಸುವ ಓದು ತನ್ನ ಅತ್ಯುತ್ತಮ ಫಲ ಕೊಟ್ಟದ್ದನ್ನೂ ನೋಡಬೇಕು. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ದಾ. ಚಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದರು, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದರು. 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅದರ ಆವರಣವನ್ನು ಕಟ್ಟಿಸಿದರು. ಆಮೇಲೆ ಪಂಜಾಬಿನ ರಾಜ್ಯಪಾಲರು. ಶಿಕ್ಷಣಾಡಳಿತದ ತಮ್ಮ ಅನುಭವಗಳನ್ನು ಅವರು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ. ಹಳ್ಳಿಯಿಂದ ಹೋದವನು ಸುಮ್ಮನೆ ಹೋಗಲಿಲ್ಲ, ಹಿಂದಿರುಗಿ ಬಂದು ಇಡೀ ಸೀಮೆಗೆ ವಿಶ್ವವಿದ್ಯಾಲಯ ಕಟ್ಟಿದ. ಆ ವಿಶ್ವವಿದ್ಯಾಲಯ ಇಲ್ಲದಿದ್ದರೆ ರಾಮದುರ್ಗ, ಸವದತ್ತಿಯ ಪದವಿ ಕಾಲೇಜುಗಳ ಮಾತೇ ಬರುತ್ತಿರಲಿಲ್ಲ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದ ಮೇಲೆ ಈ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು.

ಪಾವಟೆಯವರು ಇಲಾಖೆಯ ನಿರ್ದೇಶಕರಾಗಿದ್ದ ವರ್ಷಗಳಲ್ಲಿಯೇ ಮುಂಬಯಿ ಸರಕಾರ ಐದರಿಂದ ಏಳನೆಯ ಇಯತ್ತೆಯವರೆಗಿನ ಇಂಗ್ಲಿಷ್ ಪಾಠವನ್ನು ತೆಗೆದುಹಾಕಿತು. ತಾಯ್ನುಡಿಯ ಬುನಾದಿ ಗಟ್ಟಿಯಾಗಲಿ ಎಂಬುದು ಬಿ. ಜಿ. ಖೇರ್ ಸರಕಾರದ ನಂಬಿಕೆ. ಫಲವಾಗಿ ಈ ಭಾಗದ ಒಂದು ತಲೆಮಾರು ಎಂಟನೆಯ ಇಯತ್ತೆಯಲ್ಲಿ ಎಬಿಸಿಡಿ ಹಿಡಿಯಿತು, ನಾಲ್ಕು ವರ್ಷದಲ್ಲಿ ಮೆಟ್ರಿಕ್ ಮುಗಿಸಿ ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಬಿತ್ತು. ಪೇಟೆಯ ಮಕ್ಕಳಿಗೆ ಮನೆಪಾಠವಿತ್ತು, ಹಳ್ಳಿಯವರಿಗೆ ಇರಲಿಲ್ಲ. ಮೇಲಿನ ಶಿಕ್ಷಣ, ಮೇಲಿನ ನೌಕರಿ ಇಂಗ್ಲಿಷಿನಲ್ಲಿ ಉಳಿದಿರುವಾಗ ಕೆಳಗಿನ ಶಾಲೆಯಿಂದ ಮಾತ್ರ ಅದನ್ನು ತೆಗೆದರೆ ಪೆಟ್ಟು ಬೀಳುವುದು ಬಡವನಿಗೇ ಎಂಬುದನ್ನು ಇಲ್ಲಿನ ಪಾಲಕರು ಅನುಭವದಿಂದ ಕಲಿತರು. ಇಂದು ಊರೂರಿಗೆ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು ಬರುವುದನ್ನು ಬರೀ ಫ್ಯಾಷನ್ ಎಂದು ತಳ್ಳಿಹಾಕುವವರು ಈ ನೆನಪನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಧ್ಯಮದ ವಾದ ರಾಜ್ಯಮಟ್ಟದಲ್ಲಿ ಹಿಡಿದ ದಾರಿ ಎಲ್ಲರಿಗೂ ಗೊತ್ತಿರುವಂಥದು. 1981ರ ಗೋಕಾಕ ವರದಿ, ಮರುವರ್ಷದ ಚಳವಳಿ, ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಮಾಡಿದ 1994ರ ಆದೇಶ, ಅದನ್ನು ಎತ್ತಿಹಿಡಿಯದ 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪು. ಮಾಧ್ಯಮದ ಆಯ್ಕೆ ಪಾಲಕರದೆಂದು ನ್ಯಾಯಾಲಯ ಹೇಳಿತು. 2019–20ರಲ್ಲಿ ಸರಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮಗುವಿಗೆ ತಿಳಿದ ಭಾಷೆಯಲ್ಲಿ ಕಲಿಕೆ ಬೇಗ ಆಗುತ್ತದೆ ಎಂಬ ಶಿಕ್ಷಣಶಾಸ್ತ್ರದ ಮಾತು ನಿಜ. ಆದರೆ ಪಾಲಕರು ಕೇಳುತ್ತಿರುವುದು ಕಲಿಕೆಯ ಪ್ರಶ್ನೆಯನ್ನಲ್ಲ, ದಾರಿಯ ಪ್ರಶ್ನೆಯನ್ನು. ಕನ್ನಡದಲ್ಲಿ ಕಲಿತು ಇಂಗ್ಲಿಷನ್ನು ಚೆನ್ನಾಗಿ ಕಲಿಯುವ ಶಾಲೆ ಹಳ್ಳಿಯಲ್ಲಿ ಇದ್ದಿದ್ದರೆ ಈ ಎರಡೂ ಪ್ರಶ್ನೆಗಳಿಗೆ ಒಂದೇ ಉತ್ತರ ಸಿಗುತ್ತಿತ್ತು.

ಶಾಲೆಗೆ ಬರುವವರ ಸಂಖ್ಯೆಯಲ್ಲಿ ಆದ ಬದಲಾವಣೆ ದೊಡ್ಡದು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ, 2001ರ ಸರ್ವ ಶಿಕ್ಷಾ ಅಭಿಯಾನ, ಅದೇ ವರ್ಷ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಾದ ಎಸ್‌ಡಿಎಂಸಿಗಳು, ಬಿಸಿಯೂಟ, 2006ರ ಸುಮಾರಿಗೆ ಎಂಟನೆಯ ತರಗತಿಯವರಿಗೆ ಕೊಡಲಾರಂಭಿಸಿದ ಸೈಕಲ್, 2009ರ ಶಿಕ್ಷಣ ಹಕ್ಕು ಕಾಯ್ದೆ, ಎಲ್ಲ ಸೇರಿ ಹೆಸರು ಹಚ್ಚದ ಮಗು ಇಲ್ಲವೆನ್ನುವ ಮಟ್ಟಿಗೆ ತಂದವು. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಸಾಕ್ಷರತೆ ಶೇ. 73.48, ಗಂಡಸರಲ್ಲಿ ಶೇ. 82.20, ಹೆಂಗಸರಲ್ಲಿ ಶೇ. 64.58. ಈ ನಡುವಿನ ಅಂತರ ಹೆಚ್ಚಾಗಿ ಹಿಂದಿನ ತಲೆಮಾರಿನ ತಾಯಂದಿರದು. ಸೈಕಲ್ಲಿನ ಯೋಜನೆಯನ್ನು ಲೇವಡಿ ಮಾಡಿದವರುಂಟು. ಹೈಸ್ಕೂಲು ಪಕ್ಕದೂರಿನಲ್ಲಿರುವ ಹಳ್ಳಿಯ ಹುಡುಗಿಗೆ ಅದು ಎರಡು ಮೂರು ವರ್ಷದ ಹೆಚ್ಚಿನ ಓದು.

ಕಲಿಕೆಯ ಚಿತ್ರ ಬೇರೆ. ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ 2018ರಲ್ಲಿ ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಅರ್ಧಕ್ಕಿಂತ ಕಡಿಮೆ. ಕೋವಿಡ್ ಬೀಗಮುದ್ರೆಯ ನಂತರ 2022ರಲ್ಲಿ ಮೂರರಲ್ಲಿ ಒಂದು ಪಾಲೂ ಇಲ್ಲ. ಹತ್ತನೆಯ ತರಗತಿಯ ಫಲಿತಾಂಶ ಮಾತ್ರ ಬೇರೆ ಮಾತು ಹೇಳುತ್ತಿತ್ತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ 2024ರಲ್ಲಿ ಶೇ. 73.40ಕ್ಕೆ ಇಳಿಯಿತು, ಅದೂ ಎಂದಿಗಿಂತ ಹೆಚ್ಚು ಕೃಪಾಂಕ ಕೊಟ್ಟ ಮೇಲೆ. ಮುಲ್ಕಿಯ ಕಾಲದಿಂದ ಪಾಸಾಗುವುದೇ ಓದಿನ ಉದ್ದೇಶವಾದಲ್ಲಿ ಪಾಸು ಮಾಡಿಸುವುದೇ ಶಾಲೆಯ ಉದ್ದೇಶವಾಗುತ್ತದೆ. ಹಳ್ಳಿಯ ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಇಲಾಖೆ ಕೇಳುವ ಮೊದಲ ಪ್ರಶ್ನೆ ಶೇಕಡಾ ಎಷ್ಟು ಎಂಬುದೇ ಆಗಿರುವಾಗ ಅವರನ್ನಷ್ಟೇ ದೂರಿ ಫಲವಿಲ್ಲ. ಖಾಲಿ ಹುದ್ದೆಗಳಲ್ಲಿ ಅತಿಥಿ ಶಿಕ್ಷಕರು ವರ್ಷದಿಂದ ವರ್ಷಕ್ಕೆ ಗೌರವಧನದ ಮೇಲೆ ದುಡಿಯುತ್ತಾರೆ. ಆಜೀವ ಸದಸ್ಯರ ತ್ಯಾಗದಿಂದ ಶುರುವಾದ ಮಾಸ್ತರಿಕೆ ಬೇಸಿಗೆ ರಜೆಗೆ ಸಂಬಳವಿಲ್ಲದ ಕೂಲಿಯ ಮಟ್ಟಕ್ಕೆ ಬಂದಿದೆ.

ಸೀಮೆಗೆ ವಿಶೇಷವಾದ ತೊಡಕುಗಳೂ ಇವೆ. ಒಂದು ಗುಳೆ. ಮಳೆ ಕೈಕೊಟ್ಟ ವರ್ಷ, ಕೆಲವು ಮನೆಗಳಲ್ಲಿ ಪ್ರತಿ ವರ್ಷ, ರಾಮದುರ್ಗ, ಸವದತ್ತಿ ಕಡೆಯ ಕುಟುಂಬಗಳು ಗೋವಾಕ್ಕೆ, ಕೊಂಕಣಕ್ಕೆ ದುಡಿಯಲು ಹೋಗುತ್ತವೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಇರುತ್ತದೆ, ಮಗು ಇರುವುದಿಲ್ಲ. ಅಲ್ಲಿ ಟೆಂಟ್ ಶಾಲೆ, ಇಲ್ಲಿ ಋತುಮಾನದ ವಸತಿಶಾಲೆ ಎಂಬ ಏರ್ಪಾಟುಗಳು ಬಂದುಹೋದವು. ಅಜ್ಜಿಯ ಬಳಿ ಬಿಟ್ಟುಹೋದ ಮಕ್ಕಳು ಹೇಗೋ ಶಾಲೆಯಲ್ಲಿ ಉಳಿಯುತ್ತಾರೆ. ಜೊತೆಗೆ ಹೋದವರು ಮರಳಿ ಬಂದಾಗ ತರಗತಿ ಮುಂದೆ ಸಾಗಿರುತ್ತದೆ. ಜೂನ್‌ನಿಂದ ಏಪ್ರಿಲ್‌ವರೆಗಿನ ಶಾಲಾ ವರ್ಷಕ್ಕೂ ಹೊಲದ ವರ್ಷಕ್ಕೂ ಇರುವ ಈ ವೈಮನಸ್ಸು ಮುಲ್ಕಿಯ ಕಾಲದಿಂದಲೂ ಇದೆ. ವೇಳಾಪಟ್ಟಿಯನ್ನು ಊರಿನ ಸುಗ್ಗಿಗೆ ಹೊಂದಿಸಬಹುದೆಂಬ ಯೋಚನೆ ಯಾವ ಇಲಾಖೆಗೂ ಗಂಭೀರವಾಗಿ ಹೊಳೆದಂತಿಲ್ಲ.

ಇನ್ನೊಂದು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊಂದಿಕೊಂಡದ್ದು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಆದರೆ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳಿಗೆ ಶಾಲೆಯ ಮೊದಲ ಪರೀಕ್ಷೆ ಪ್ರವೇಶ ಅರ್ಜಿಯಲ್ಲಿಯೇ ಎದುರಾಗುತ್ತಿತ್ತು: ತಂದೆಯ ಹೆಸರು ಎಂಬ ಸಾಲು. ಬೆಳಗಾವಿ ಜಿಲ್ಲೆಯಲ್ಲಿ 1990ರ ದಶಕದಿಂದ ಮಾಜಿ ದೇವದಾಸಿಯರೇ ಸಂಘಟಿತರಾಗಿ ‘ಮಾಸ್’ ಸಂಸ್ಥೆಯ ಮೂಲಕ ಎತ್ತಿದ ಬೇಡಿಕೆಗಳಲ್ಲಿ ಮಕ್ಕಳ ಓದು ಮುಖ್ಯವಾದದ್ದು. ಈ ತಾಯಂದಿರ ಪಾಲಿಗೆ ಊರು ಬಿಡಿಸುವ ಓದು ದೋಷವಲ್ಲ, ಬಿಡುಗಡೆ. ಉಳಿಯುವವರಿಗಾಗಿ ಶಾಲೆ ಬೇಕು ಎಂಬ ವಾದ ಮಾಡುವವರು ಯಾರಿಗೆ ಉಳಿಯುವುದೇ ಕಷ್ಟ ಎಂಬುದನ್ನೂ ನೋಡಬೇಕಾಗುತ್ತದೆ.

ಊರಿಗೆ ಉಪಯೋಗವಾಗುವ ಓದಿನ ಪ್ರಯತ್ನಗಳು ಆಮೇಲೂ ನಡೆದಿವೆ, ಅರೆಮನಸ್ಸಿನಿಂದ. ಪದವಿಪೂರ್ವ ಹಂತದಲ್ಲಿ 1970ರ ದಶಕದಲ್ಲಿ ಬಂದ ವೃತ್ತಿಶಿಕ್ಷಣ, ಜನರ ಬಾಯಲ್ಲಿ ಜೆಒಸಿ, 2011ರ ಸುಮಾರಿಗೆ ನಿಂತಿತು. ಅದರಲ್ಲಿ ಕಲಿತವರಿಗೆ ಮುಂದಿನ ಓದಿನ ದಾರಿ ಕಿರಿದು, ಪ್ರಮಾಣಪತ್ರಕ್ಕೆ ಬೆಲೆ ಕಡಿಮೆ. ತಕಲಿಗೆ ಬಂದ ಗತಿಯೇ ಇದಕ್ಕೂ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೆಯ ತರಗತಿಯಿಂದಲೇ ವೃತ್ತಿಪರಿಚಯ ಬೇಕೆಂದಿತು. ಅದನ್ನು 2021ರಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತರಲು ಹೊರಟ ಕರ್ನಾಟಕ, ಸರಕಾರ ಬದಲಾದ ಮೇಲೆ ಹಿಂದೆ ಸರಿಯಿತು. 2023ರಲ್ಲಿ ಸುಖದೇವ ಥೋರಟ್ ಅಧ್ಯಕ್ಷತೆಯಲ್ಲಿ ನೇಮಿಸಿದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಕನಿಷ್ಠ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ, ಎರಡು ಭಾಷೆಗಳ ಸೂತ್ರ ಅದರ ಶಿಫಾರಸುಗಳಲ್ಲಿ ಸೇರಿವೆ. ಪದವಿಯ ಅವಧಿ ಮೂರು ವರ್ಷವೋ ನಾಲ್ಕೋ ಎಂಬ ಜಗ್ಗಾಟದಲ್ಲಿ ಈ ಭಾಗದ ಕಾಲೇಜು ವಿದ್ಯಾರ್ಥಿಗಳ ಎರಡು ಮೂರು ತಂಡಗಳು ಬೇರೆ ಬೇರೆ ಪಠ್ಯಕ್ರಮಕ್ಕೆ ಸಿಕ್ಕವು.

ನೀತಿಗಳು ಬದಲಾದರೂ ಶಾಲೆ ಮಾತ್ರ ಊರಿನ ವಿದ್ಯೆಯನ್ನು ಇಂದಿಗೂ ತನ್ನ ವಿದ್ಯೆಯೆಂದು ಎಣಿಸಿಲ್ಲ. ನವಿಲುತೀರ್ಥದ ಅಣೆಕಟ್ಟು ಸವದತ್ತಿ ತಾಲ್ಲೂಕಿನಲ್ಲಿದೆ. ಮಲಪ್ರಭೆಯ ನೀರಿನ ಲೆಕ್ಕ, ಅತಿ ನೀರಿನಿಂದ ಸವಳಾಗುವ ಎರೆಭೂಮಿ, ಕಬ್ಬಿನ ತೂಕ, ಕಾರಖಾನೆಯ ಬಿಲ್ಲು, ಸೊಸೈಟಿಯ ಬಡ್ಡಿ, ಮಗ್ಗದ ನೂಲಿನ ದರ ಇವು ಇಲ್ಲಿನ ಮನೆಗಳಲ್ಲಿ ದಿನನಿತ್ಯದ ಮಾತು. ಇವುಗಳಲ್ಲಿ ಗಣಿತವಿದೆ, ರಸಾಯನಶಾಸ್ತ್ರವಿದೆ, ಅರ್ಥಶಾಸ್ತ್ರವಿದೆ. ಗಾಂವಠಿ ಶಾಲೆ ತನ್ನ ಎಲ್ಲ ಕೊರತೆಗಳ ನಡುವೆ ಅಂಗಡಿಯ ಮತ್ತು ಸಾಲದ ಕಾಗದದ ಲೆಕ್ಕವನ್ನಾದರೂ ಕಲಿಸುತ್ತಿತ್ತು. ಇಂದಿನ ಪಠ್ಯಪುಸ್ತಕದಲ್ಲಿ ಚಕ್ರಬಡ್ಡಿಯ ಸೂತ್ರವಿದೆ. ಬೆಳೆಸಾಲದ ಪಾಸ್‌ಬುಕ್ ಓದುವ ಪಾಠವಿಲ್ಲ. ಅದನ್ನು ಸೇರಿಸಲು ಹೊಸ ಆಯೋಗ ಬೇಕಿಲ್ಲ. ಸ್ಥಳೀಯ ಪಾಠಕ್ಕೆ ವಾರದಲ್ಲಿ ಕೆಲವು ತಾಸು, ಅದನ್ನು ನಡೆಸುವ ಸ್ವಾತಂತ್ರ್ಯ ಇರುವ ಕಾಯಂ ಶಿಕ್ಷಕ, ಆ ಕಲಿಕೆಯನ್ನೂ ಅಂಕಕ್ಕೆ ಹಿಡಿಯುವ ಪರೀಕ್ಷೆ ಇದ್ದರೆ ಸಾಕು. ಕೊನೆಯದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಪರೀಕ್ಷೆಯಲ್ಲಿ ಕೇಳದ್ದನ್ನು ಇಲ್ಲಿ ಕಲಿಸುವವರೂ ಇಲ್ಲ, ಕಲಿಯುವವರೂ ಇಲ್ಲ.